ಸಿಕ್ಕಿಕೊಂಡಿದ್ದ ನರ್ಸಬಾಯಾರು

ನರ್ಸಬಾಯಾರು ತೀರಿಕೊಂಡಾಗಿನಿಂದ ನಮ್ಮ ಗಿರಣಿಗೆ ಬೀಸಲು ಬರುವ ಹೆಂಗಸರಿಗೆಲ್ಲ ಒಂದೇ ಚಿಂತೆ. ಬುಟ್ಟಿ ಇಳಿಸುವುದಕ್ಕೂ ಮೊದಲೇ ಎದುರು ಮನೆಯ ಕಡೆ ಗೋಣು ತಿರುಗಿಸಿ, "ಬಾಯಾರಂತೂ ಹ್ವಾದ್ರು. ಆ ಮುದುಕಿ ಇನ್ನೂ ಅಲ್ಲೇ ಅದಾಳೇನ್ರಿ?" ಎಂದು ಕೇಳುತ್ತಾರೆ. ಅದಾಳ ಅನ್ನುತ್ತೇನೆ. "ಮತ್ತ ಎಲ್ಲಿಗೆ ಹೋಗ್ತಾಳಂತ?" ಎಲ್ಲಿಗೂ ಹೋಗುವುದಿಲ್ಲವಂತೆ, ಬಾಯಾರ ಅಣ್ಣನ ಮಗಳೇ 'ಇರು' ಅಂದಿದ್ದಾಳೆ ಅನ್ನುತ್ತೇನೆ. ಹುಣಸೆಕಾಯಿ ಕಚ್ಚಿದಂತೆ ಮುಖ ಮಾಡುತ್ತಾರೆ. ಇಡೀ ಓಣಿಗೆ ಇಂಜೆಕ್ಷನ್ ಮಾಡಿದ ಹೆಂಗಸು ಸತ್ತರು, ಅವರ ಬಗ್ಗೆ ಒಂದು ಒಳ್ಳೆಯ ಮಾತಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಉರಿಗೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ಮಾತು. ನಾವು ಜೈನರು. ಮಾವನ ಕಾಲದಿಂದ ಚಿಕ್ಕೋಡಿಯ ಈ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸಿಕೊಂಡು ಬಂದವರು. ಬಿ.ಎ. ಮಾಡಿಕೊಂಡು ಸೊಸೆಯಾಗಿ ಬಂದ ನಾನು ಕಡೆಗೆ ಗಿರಣಿಯಲ್ಲೇ ಕೂತೆ. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿದೆ. ಬಾಯಾರ ದನಿ ಅದಕ್ಕಿಂತ ದೊಡ್ಡದು. ಹೀಗಾಗಿ ರಸ್ತೆಯ ಆಚೆ ಅವರು, ಈಚೆ ನಾನು ಕೂತಲ್ಲೇ ಕೂತು ಗೆಳತಿಯರಾದೆವು, ಓಣಿಗೆಲ್ಲ ಕೇಳುವ ಹಾಗೆ.

ಬಾಯಾರು ಕುಳ್ಳನೆಯ ಆಳು. ಸರಕಾರಿ ದವಾಖಾನೆಯಲ್ಲಿ ದುಡಿದು ನಿವೃತ್ತರಾದವರು. ನೌಕರಿ ಬಿಟ್ಟರೂ ಒಂದು ಚಟ ಬಿಡಲಿಲ್ಲ. ಮಾತಾಡುವಾಗ ಎದುರಿನವರ ಮುಂಗೈ ಹಿಡಿದು ನಾಡಿ ನೋಡುತ್ತಲೇ ಮಾತಾಡುವರು. ತರಕಾರಿ ಮಾರುವವಳ ಕೈಯನ್ನೂ ಬಿಟ್ಟವರಲ್ಲ. "ಬದನಿಕಾಯಿ ಇವತ್ತಿಂದ ಅಂತಿ, ನಾಡಿ ನೋಡಿದ್ರ ನಿನ್ನಿದು ಅನ್ನಾಕತ್ತೈತಿ," ಎಂದು ಅವಳನ್ನು ಅಳಿಸಿ ನಗಿಸಿ ಕಳಿಸುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ನೋಡಾಕ ಬಂದಾಗೆಲ್ಲ ನಾ ಡ್ಯೂಟಿ ಮ್ಯಾಲ ಇರ್ತಿದ್ನಿ," ಎಂದು ನಕ್ಕರು. ನಾವು ಉಳ್ಳಾಗಡ್ಡಿ ತಿನ್ನುವುದಿಲ್ಲವೆಂದು ಅವರಿಗೆ ಬಹಳ ಮರುಕ. "ನಿಮ್ಮ ಸ್ವಾಮಿಗೋಳಿಗೆ ಉಳ್ಳಾಗಡ್ಡಿ ಏನ್ ಮಾಡಿತ್ತವ್ವಾ, ಪಾಪ!" ಎನ್ನುವರು. ನನಗಾಗಿ ಬೇರೆ ಪಾತ್ರೆಯಲ್ಲಿ ಚಹಾ ಕಾಸಿ, ಸೂರ್ಯ ಮುಳುಗುವ ಮೊದಲು ತಂದು ಕೊಡುವವರೂ ಅವರೇ.

ದಯೆಯ ಹೆಂಗಸು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ದಯಾ ಗಿಯಾ ಏನಿಲ್ಲ. ಮನಸ್ಸಿನ್ಯಾಗ ಪ್ರೀತಿ ಹುಟ್ಟಲಿ ಅಂತ ಕಾಯ್ಕೊಂತ ಕುಂತ್ರ ವಾರ್ಡಿನ್ಯಾಗ ಯಾರ ಬೆಡ್‌ಪ್ಯಾನ್ ಯಾರೂ ತಗಿಯೂದಿಲ್ಲ," ಎನ್ನುವರು. ಅವರ ಅಜ್ಜ ರಾಯಬಾಗ ಸೀಮೆಯವರು. ಊರೊಳಗೆ ಕಾಲಿಡಲು ಬಿಡದಿದ್ದ ಕಾಲದಲ್ಲಿ ಮಿಷನ್ನಿನವರು ಆತನನ್ನು ಒಳಗೆ ಕರೆದು ಚಾಪೆ ಹಾಕಿ ಕೂರಿಸಿದ್ದರಂತೆ. "ನಮ್ಮಜ್ಜ ಆ ಚಾಪಿ ಮ್ಯಾಲಿಂದ ಏಳಲೇ ಇಲ್ಲ ನೋಡು, ಮಕ್ಕಳು ಮೊಮ್ಮಕ್ಕಳು ಎಲ್ಲಾರೂ ಅಲ್ಲೇ ಕುಂತ್ವಿ. ಹೊರಗ ನಿಂದರಸೂದು ಅಂದ್ರ ಏನಂತ ನಮಗ ಯಾರೂ ಕಲಸಬೇಕಾಗಿಲ್ಲ."

ಈಗ ಆ ಮುದುಕಿಯ ಸಂಗತಿ. ಬಾಯಾರು ನೌಕರಿಯಲ್ಲಿದ್ದಾಗ ಏಕಸಂಬಿ ಕಡೆಯ ಹಳ್ಳಿಯೊಂದರಿಂದ ಮೈ ಸುಟ್ಟ ಹುಡುಗಿಯೊಬ್ಬಳನ್ನು ದವಾಖಾನೆಗೆ ತಂದರು. ಹೆಸರು ಸುರೇಖಾ. ಮದುವೆಯ ಅರಿಶಿಣ ಇನ್ನೂ ಮಾಸಿರಲಿಲ್ಲ. ಸ್ಟೋ ಸಿಡಿಯಿತು ಎಂದರು ತಂದವರು. ಅತ್ತೆ ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದಳು ಎಂದಳು ಹುಡುಗಿ. ತಹಸೀಲ್ದಾರರು ಬಂದು ಹೇಳಿಕೆ ಬರೆದುಕೊಂಡು ಹೋದರು. ಅವರು ಹೋದ ಮೇಲೆ ಆಕೆ ಬಾಯಾರ ಬೆರಳು ಹಿಡಿದುಕೊಂಡಳಂತೆ. "'ಸಿಸ್ಟರ, ನನ್ನತ್ತಿ ತಾನಾಗಿ ಒಪ್ಪಿಕೊಳ್ಳೂ ಹಂಗ ಮಾಡ್ರಿ. ಇಲ್ಲಂದ್ರ ಮಂದಿ ನಾನೇ ಹಚ್ಚಿಕೊಂಡ್ನಿ ಅಂತಾರು' ಅಂದ್ಲವ್ವಾ. 'ಆತು ಮಗಳ' ಅಂದ್ನಿ. ಸಾಯೂ ಹುಡುಗಿಗೆ ಇಲ್ಲ ಅಂತ ಹೆಂಗ ಅನ್ನಲಿ?" ಇದನ್ನು ಹೇಳುವಾಗ ಬಾಯಾರು ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ, ತಮ್ಮ ಬೆರಳನ್ನೇ ತಾವು ಹಿಡಿದುಕೊಳ್ಳುತ್ತಿದ್ದರು.

ಕೋರ್ಟಿನಲ್ಲಿ ಬಾಯಾರು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದರು. ಅತ್ತೆಗೆ ಜೀವಾವಧಿ ಶಿಕ್ಷೆಯಾಯಿತು. ಗಂಡ ಆ ಹೊತ್ತಿಗೆ ಹೊಲದಲ್ಲಿದ್ದನಂತೆ, ಪಾರಾದ. ಇನ್ನೊಂದು ಮದುವೆ ಮಾಡಿಕೊಂಡು ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದ. ಶಿಕ್ಷೆಯಾದರೂ ಅತ್ತೆಯ ಬಾಯಲ್ಲಿ ಒಂದೇ ಮಾತು, "ಸ್ಟೋ ಸಿಡೀತು."

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಸಿದ್ದರೆ ಬಾಯಾರು ಹೇಗಾದಾರು! ಅವರ ಚರ್ಚಿನ ಸಭೆಯವರು ಕ್ರಿಸ್ಮಸ್ ಮುಂದೆ ಬೆಳಗಾವಿಯ ಜೈಲಿಗೆ ಹೋಗಿ ಹೆಣ್ಣುಮಕ್ಕಳಿಗೆ ಕೇಕು, ಕಿತ್ತಳೆ ಹಂಚಿ ಹಾಡು ಹಾಡಿ ಬರುವುದುಂಟು. ನಿವೃತ್ತಿಯಾದ ಮೇಲೆ ಬಾಯಾರೂ ಒಂದು ವರ್ಷ ಹೋದರು. ಸಾಲಿನಲ್ಲಿ ಬಂದ ಮುದುಕಿಯೊಬ್ಬಳು ಕಿತ್ತಳೆ ಕೈಗೆ ತೆಗೆದುಕೊಂಡು, ಕೊಟ್ಟವರ ಮುಖ ನೋಡಿ, ಹಣ್ಣನ್ನು ತಿರುಗಿ ತಟ್ಟೆಯಲ್ಲಿಟ್ಟು ಹೋದಳು. ಅದೇ ಅತ್ತೆ. ಆಕೆಯನ್ನು ನೋಡಲು ಒಬ್ಬರೂ ಬರುವುದಿಲ್ಲವೆಂದು ಅಲ್ಲಿನ ಮೇಡಂ ಹೇಳಿದರು.

ಅವರ ಭಾನುವಾರದ ಆರಾಧನೆಯಲ್ಲಿ ಒಂದು ರೂಢಿಯಿದೆ. ಹಾಡುಗಳ ನಡುವೆ ಯಾರಾದರೂ ಎದ್ದು, ದೇವರು ತಮಗೇನು ತೋರಿಸಿದ ಎಂದು ಎಲ್ಲರ ಮುಂದೆ ಹೇಳುತ್ತಾರೆ. ಆ ಭಾನುವಾರ ಬಾಯಾರು ಎದ್ದರು. ಜೈಲಿನ ಸಂಗತಿ ಹೇಳುತ್ತ ಹೇಳುತ್ತ, "ಆಕಿ ಹೊರಗ ಬಂದ ದಿನಾ ನನ್ನ ಮನಿ ಬಾಗಲಾ ಆಕಿಗೆ ತಗದಿರ್ತೈತಿ," ಎಂದುಬಿಟ್ಟರು. ಇಡೀ ಸಭೆ "ಆಮೆನ್" ಎಂದಿತು. ಸೆರಗಿನಿಂದ ಕಣ್ಣೊರೆಸಿಕೊಂಡವರೂ ಇದ್ದರಂತೆ. ಜೀವಾವಧಿಯವಳು, ವಯಸ್ಸಾದವಳು, ಎಲ್ಲಿ ಹೊರಗೆ ಬರುತ್ತಾಳೆ ಎಂದು ಎಲ್ಲರ ಲೆಕ್ಕ. ಬಾಯಾರ ಲೆಕ್ಕವೂ ಅದೇ ಇತ್ತು ಎಂದು ನನ್ನ ಮುಂದೆ ಒಪ್ಪಿಕೊಂಡಿದ್ದಾರೆ. "ಹಾಡು ಹಾಡಿದ ಮ್ಯಾಲ ಮೈ ಬೆಚ್ಚಗಿರ್ತೈತಿ ನೋಡು ತಂಗಿ. ಆಗ ಎದ್ದು ನಿಂತು ಏನೂ ಮಾತಾಡಬಾರದು."

ಒಳ್ಳೆಯ ನಡತೆಗೆಂದು ಆಕೆಯನ್ನು ಬಿಟ್ಟುಬಿಟ್ಟರು! ಊರಿಗೆ ಹೋದರೆ ಮನೆಗೆ ಬೀಗ. ಇಚಲಕರಂಜಿಗೆ ಹೋದರೆ ಮಗ ಬಾಗಿಲಲ್ಲೇ ನಿಂತು, 'ನನಗೂ ಹೆಣ್ಣುಮಕ್ಕಳು ಅದಾವು' ಎಂದು ಬಸ್ಸಿಗೆ ಹತ್ತಿಸಿದ. ಬಂದು ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಕೂತಳು. ಸುದ್ದಿ ಬಾಯಾರಿಗೆ ಮುಟ್ಟಿತು. ಅವರು ಸಭೆಯ ಹಿರಿಯರ ಮನೆಗಳಿಗೆ ಹೋಗಿ ಯಾರಾದರೂ ಜೊತೆಗೆ ಬನ್ನಿ ಎಂದರು. ಒಬ್ಬರ ಮನೆಯಲ್ಲಿ ಬೀಗರು ಬಂದಿದ್ದರು, ಇನ್ನೊಬ್ಬರಿಗೆ ಮೊಣಕಾಲು ನೋವು. ಕಡೆಗೆ ಬಾಯಾರು ಒಬ್ಬರೇ ಹೋದರು. ನಾನು ಗಿರಣಿಯಲ್ಲಿ ಕೂತು ನೋಡಿದೆ. ಮುಂದೆ ಬಾಯಾರು ದಡದಡ ಬರುತ್ತಿದ್ದಾರೆ, ಹಿಂದೆ ಆ ಮುದುಕಿ, ಎತ್ತರದ ಆಳು, ಬಗಲಲ್ಲಿ ಒಂದು ಗಂಟು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಸಂಜೆ ಬಾಯಾರು ನನ್ನ ಹತ್ತಿರ ಬಂದು ಹಿಟ್ಟಿನ ಚೀಲದ ಮೇಲೆ ಕುಕ್ಕರಿಸಿದರು.

"ಸಿಕ್ಕೊಂಡ್ನಿ ತಂಗಿ."

"ಹೊರಗ ಹಾಕ್ರಿ," ಎಂದೆ ನಾನು. ನನ್ನದು ಸೀದಾ ಮಾತು.

"ಎಲ್ಲಿ ಹಾಕಲಿ? ವೃದ್ಧಾಶ್ರಮದವ್ರನ್ನ ಕೇಳಿದ್ನಿ. ಏನ್ ಕೇಸು ಅಂತ ಗೊತ್ತಾಗಿ ಒಲ್ಲೆ ಅಂದ್ರು. ಒಂದ್ ಕೈ ಆ ಹುಡುಗಿ ಹಿಡದಾಳ, ಆಕಿ ಬಾಯಿ ಬಿಡಸು ಅಂತಾಳ. ಇನ್ನೊಂದ್ ಕೈ ಯೇಸುಸ್ವಾಮಿ ಹಿಡದಾನ, ಬಾಗಲಾ ತಗದಿಡು ಅಂತಾನ. ಇಬ್ರೂ ಬಿಡವಲ್ರು. ನನಗಂತೂ ಆಕಿ ಮಾರಿ ಕಂಡ್ರ ಹೊಟ್ಟ್ಯಾಗ ಬೆಂಕಿ ಬೀಳ್ತೈತಿ."

ಅಂದಿನಿಂದ ಆ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಮುದುಕಿಯೇನು ಮೆತ್ತಗಿನ ಆಳೇ? ರೊಟ್ಟಿ ದಪ್ಪವಾಯಿತು ಎನ್ನುವಳು, ಸಾರಿಗೆ ಖಾರ ಸಾಲದು ಎನ್ನುವಳು. ಬಾಯಾರು ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಈಕೆ ಟಿ.ವಿ. ಧಾರಾವಾಹಿಯ ಸದ್ದು ಏರಿಸುವಳು. ಅಂಗಳ ಮಾತ್ರ ಕನ್ನಡಿಯ ಹಾಗೆ ಗುಡಿಸುವಳು, ಅದು ಜೈಲಿನ ರೂಢಿಯಂತೆ. ಓಣಿಯ ಹೆಂಗಸರು ಆಕೆ ಗಿರಣಿಗೆ ಬಂದರೆ ತಮ್ಮ ಬುಟ್ಟಿಗಳನ್ನು ಬದಿಗೆ ಸರಿಸುತ್ತಿದ್ದರು. ಹೊಸ ಸೊಸೆಯಂದಿರಿಗೆ ಆ ಮನೆಯ ನೆರಳೂ ಬೇಡವೆಂದು ಅತ್ತೆಯರೇ ಬುದ್ಧಿ ಹೇಳಿದರು. ಇದನ್ನು ಕೇಳಿ ನನಗೆ ನಗು ಬಂತು. ಆ ಅತ್ತೆಯರನ್ನೂ ನಾನು ಬಲ್ಲೆ.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಬಾಯಾರು ಕೇಳುವರು, "ಇವತ್ತರ ಹೇಳ್ತಿಯೇನ?"

"ಏನ್ ಹೇಳೂದೈತಿ? ಸ್ಟೋ ಸಿಡೀತು."

"ಸುರೇಖಾನ ಹೆಸರರ ಹೇಳು."

ಮುದುಕಿ ಎದ್ದು ಒಳಗೆ ಹೋಗುವಳು. ಆ ಹುಡುಗಿಯ ಹೆಸರನ್ನು ಆಕೆಯ ಬಾಯಲ್ಲಿ ಯಾರೂ ಕೇಳಿರಲಿಲ್ಲ. ರಸ್ತೆಯ ಈಚೆ ಕೂತ ನನಗೂ ಈ ಸವಾಲು ಜವಾಬು ಬಾಯಿಪಾಠವಾಗಿ ಹೋಯಿತು.

ಇದಕ್ಕಿಂತ ಕೆಟ್ಟದ್ದು ಚರ್ಚಿನಲ್ಲಿ ನಡೆಯಿತು. ತಿಂಗಳಿಗೊಮ್ಮೆ ಅವರಲ್ಲಿ ಪ್ರಭುಭೋಜನ. ಪಾಸ್ಟರ್ ರೊಟ್ಟಿಯ ತುಣುಕು, ದ್ರಾಕ್ಷಿರಸ ಕೊಡುತ್ತಾರೆ, ಎಲ್ಲರೂ ಮುಂದೆ ಹೋಗಿ ಮಂಡಿಯೂರಿ ತೆಗೆದುಕೊಳ್ಳುತ್ತಾರೆ. ಮುದುಕಿ ಮನೆಗೆ ಬಂದ ಮೇಲೆ ಬಾಯಾರು ಏಳುವುದನ್ನೇ ಬಿಟ್ಟರು. ತಮ್ಮ ಬೆಂಚಿನಲ್ಲಿ ಕೂತೇ ಇರುವರು. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದು, ಮೊದಲು ಹೋಗಿ ರಾಜಿಯಾಗಿ ಬರಬೇಕು ಎಂಬುದು ಅವರ ನಂಬಿಕೆ. ಮೊದಲು ಆಕೆ ಒಪ್ಪಿಕೊಳ್ಳಬೇಕು, ಆಮೇಲೆ ತಾವು ಕ್ಷಮಿಸಬೇಕು, ಆಮೇಲೆ ರೊಟ್ಟಿ. ಮೊದಲನೆಯದೇ ಆಗದಿದ್ದರೆ ಉಳಿದದ್ದು ಹೇಗಾದೀತು? ಆದರೆ ಮಂದಿಗೆ ಅದೆಲ್ಲ ಬೇಕೇ? 'ನರ್ಸಬಾಯಿದು ಏನೋ ಗುಪ್ತ ಪಾಪ ಇರಬೇಕು' ಎಂದು ಗುಸುಗುಸು. ಹಂತಕಿಗೆ ಅನ್ನ ಹಾಕುವವರು ಬೆಂಚಿನಲ್ಲಿ, ಹಾಕದವರು ಪಂಕ್ತಿಯಲ್ಲಿ. ಅವರ ಧರ್ಮ ನನಗೆ ಗೊತ್ತಿಲ್ಲ. ಆದರೂ ಇದು ಯಾವ ನ್ಯಾಯ ಎಂದು ಅವರ ಮೇಲೇ ರೇಗಿದ್ದೇನೆ.

"ಸುಮ್ನ ತಗೊಂಡುಬಿಡ್ರಿ ಬಾಯಾರ. ಯಾರು ನಿಮ್ಮ ಎದಿ ಬಗದು ನೋಡ್ತಾರು?"

"ನೋಡಾಂವ ನೋಡ್ತಾನ," ಎಂದರು.

ಒಮ್ಮೆ ಮುದುಕಿಯ ಬಾಯಿ ತೆರೆಯುವುದರಲ್ಲಿತ್ತು. ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ನಾವು ಜೈನರು ಎಲ್ಲರ ಮುಂದೆ ಕೈ ಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ 'ಉತ್ತಮ ಕ್ಷಮಾ' ಎಂದು ಬೇಡಿಕೊಳ್ಳುತ್ತೇವೆ. ವರ್ಷವಿಡೀ ಮಾತು ಬಿಟ್ಟ ನನ್ನ ನಾದಿನಿಗೂ ಅಂದು ಕೈ ಮುಗಿಯುತ್ತೇನೆ. ಮರುದಿನ ಮತ್ತೆ ಮಾತು ಬಿಡುತ್ತೇನೆ, ಅದು ಬೇರೆ. ಬಾಯಾರಿಗೆ ಇದು ತಮಾಷೆ. "ಎಷ್ಟ ಸಸಾರ ಐತಿ ನಿಮ್ಮಲ್ಲಿ! ಯಾವ ತಪ್ಪು ಅಂತ ಹೇಳೂದೇ ಬ್ಯಾಡ, ಗುತ್ತಿಗಿ ಮ್ಯಾಲ ಕ್ಷಮಾ."

ಆ ವರ್ಷ ಎಂದಿನಂತೆ ಅವರ ಅಂಗಳಕ್ಕೆ ಹೋಗಿ ಬಾಯಾರಿಗೆ ಕೈ ಮುಗಿದೆ. ಮುದುಕಿ ಜಗುಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆಕೆಗೂ ಮುಗಿದೆ. ಮೊರದಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. ಅಷ್ಟು ವರ್ಷಗಳಲ್ಲಿ ಯಾರೂ ಆಕೆಗೆ ಕೈ ಮುಗಿದಿರಲಿಕ್ಕಿಲ್ಲ.

"ಹೆಸರ ಹೇಳದ ಕೇಳಿದ್ರೂ ನಡೀತೈತೇನ ನಿಮ್ಮಲ್ಲಿ?"

"ನಡೀತೈತಿ," ಎಂದೆ.

ಮುದುಕಿ ಮೊರ ಕೆಳಗಿಟ್ಟು ಎದ್ದಳು. ಬಾಯಾರ ಮುಂದೆ ಹೋಗಿ ನಿಂತು ಕೈ ಜೋಡಿಸಿದಳು. "ಎಲ್ಲಾದಕ್ಕೂ ಕ್ಷಮಾ ಮಾಡವ್ವಾ," ಎಂದಳು.

ಬಾಯಾರು ಕೂತಲ್ಲಿಂದ ಎದ್ದೇಬಿಟ್ಟರು. "ಎಲ್ಲಾದಕ್ಕೂ ಅಂದ್ರ ಯಾವದಕ್ಕ? ಬಾಯಿಬಿಟ್ಟು ಹೇಳು. ಯಾರಿಗೆ ಏನ್ ಮಾಡಿದಿ, ಹೇಳು!"

ಮುದುಕಿಯ ಕೈಗಳು ಬಿಚ್ಚಿಕೊಂಡವು. ಒಳಗೆ ಹೋಗಿ ಟಿ.ವಿ. ಹಚ್ಚಿದಳು. ಬಾಯಾರು ಜಗುಲಿಯ ಮೇಲೆ ಕುಸಿದು, ತಲೆ ತಲೆ ಬಡಿದುಕೊಂಡರು. "ಇಷ್ಟು ವರ್ಷಕ್ಕ ಒಂದ್ಸಲ ಬಂದಿದ್ಲು. ನಾನೇ ಓಡಿಸಿದ್ನಿ. ಆದರ ಹೆಂಗ ಬಿಡಲಿ ತಂಗಿ? ಆ ಹುಡುಗಿಗೆ ಮಾತು ಕೊಟ್ಟೀನಿ." ಆಮೇಲೆ ಆ ಮನೆಯಲ್ಲಿ ಸಂಜೆಯ ಪ್ರಶ್ನೆಯೂ ನಿಂತಿತು. ಇಬ್ಬರೂ ಎರಡು ಕೋಣೆಯಲ್ಲಿ ಕೂತು ಒಂದೇ ಧಾರಾವಾಹಿ ಕೇಳುತ್ತಿದ್ದರು.

ಕಳೆದ ವರ್ಷ ಬಾಯಾರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಬೆಳಗಾವಿಯ ಡಾಕ್ಟರರು ನೋಡಿ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಚರ್ಚಿನವರು ಹಣ್ಣು ತಂದರು, ಹಾಡು ಹೇಳಿದರು, ಹೋದರು. ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ಇಡುವುದು ಆ ಮುದುಕಿಯ ಪಾಲಿಗೆ ಬಂತು. ಗೊಣಗುತ್ತಲೇ ಮಾಡಿದಳು. ಬಾಯಾರೂ ಬೈಯುತ್ತಲೇ ಮಾಡಿಸಿಕೊಂಡರು. "ಇದನ್ನ ಹಿಂಗ ಹಿಡೀಬಾರದು, ಹಂಗ ಹಿಡಿ. ನರ್ಸ ಆಗಿದ್ರ ನಿನ್ನ ಮೊದಲನೇ ದಿನಾನೇ ಸಸ್ಪೆಂಡ್ ಮಾಡ್ತಿದ್ರು," ಎನ್ನುವರು ಆ ಸಂಕಟದಲ್ಲೂ.

ಒಂದು ಭಾನುವಾರ ಮಧ್ಯಾಹ್ನ ಪಾಸ್ಟರ್ ಬಂದರು. ಹಾರೂಗೇರಿ ಕಡೆಯ ಹುಡುಗ, ಹೊಸದಾಗಿ ಬಂದವರು, ಮೆತ್ತಗಿನ ಮನುಷ್ಯ. ಸಣ್ಣ ತಟ್ಟೆಯಲ್ಲಿ ರೊಟ್ಟಿ, ಬಟ್ಟಲಲ್ಲಿ ದ್ರಾಕ್ಷಿರಸ ತಂದಿದ್ದರು. ಕರೆಂಟು ಹೋಗಿ ಗಿರಣಿ ನಿಂತಿತ್ತು, ನಾನು ಬಾಯಾರ ಕಾಲ ಬಳಿ ಕೂತಿದ್ದೆ.

"ಅಮ್ಮಾರ, ಇವತ್ತರ ತಗೋರಿ," ಎಂದರು ಪಾಸ್ಟರ್.

ಬಾಯಾರು ತಲೆಯಾಡಿಸಿದರು. "ಆಗೂದಿಲ್ರಿ. ಹಗಿ ಹಂಗೇ ಐತಿ. ನಾ ಹಿಂಗೇ ಹೋಗ್ತೀನಿ."

ಮುದುಕಿ ಅಂಬಲಿಯ ಬಟ್ಟಲು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ಅದನ್ನ ತಿನ್ನದ ಹ್ವಾದ್ರ ಏನಾಗ್ತೈತ್ರಿ?" ಎಂದು ಪಾಸ್ಟರನ್ನು ಕೇಳಿದಳು.

ಪಾಸ್ಟರ್ ತಡವರಿಸಿದರು. "ಏನಾಗ್ತೈತಿ ಅಂದ್ರ… ಹಸಗೊಂಡು ಹ್ವಾದಂಗ ಆಗ್ತೈತಿ ನೋಡವ್ವಾ, ಅವ್ರಿಗೆ."

"ನನ್ನ ಸಲುವಾಗೇನ?"

ಪಾಸ್ಟರ್ ನನ್ನ ಮುಖ ನೋಡಿದರು. ನಾನು ಸುಮ್ಮನಿರುವವಳೇ? "ಹೂಂ. ನಿನ್ನ ಸಲುವಾಗೇ," ಎಂದೆ.

ಮುದುಕಿ ಬಟ್ಟಲನ್ನು ನೆಲದ ಮೇಲಿಟ್ಟಳು. ಮಂಚದ ಹತ್ತಿರ ಬಂದು ಗೋಡೆ ಹಿಡಿದು ನಿಂತಳು.

"ಸ್ಟೋ ಸಿಡಿದಿಲ್ಲ," ಎಂದಳು. "ಸ್ಟೋ ಹಚ್ಚೇ ಇರಲಿಲ್ಲ. ಸುರೇಖಾನ ಮ್ಯಾಲ ಚಿಮಣಿ ಎಣ್ಣಿ ನಾನೇ ಸುರದ್ನಿ. ಕಡ್ಡಿನೂ ನಾನೇ ಕೊರದ್ನಿ. ತವರಮನಿಗೆ ಹೋಗ್ತೀನಿ ಅಂತ ಎದರಾಡಿದ್ಲು, ಸಿಟ್ಟು ಬಂತು. ಹೊತ್ತಿಕೊಂಡ ಮ್ಯಾಲ ಅತ್ತೀ ಅತ್ತೀ ಅಂತ ನನ್ನ ಕಡೇನೇ ಓಡಿ ಬಂದ್ಲು. ನಾ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ನಿ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೇಳಿದ್ನಿ ನೋಡು. ಈಗರ ತಿನ್ನು."

ಬಾಯಾರ ಮುಖ ಹಗುರಾಗುತ್ತದೆ ಎಂದುಕೊಂಡು ನೋಡಿದೆ. ಇಲ್ಲ. ಆ ಬತ್ತಿದ ಮುಖದಲ್ಲಿ ಅಷ್ಟು ಸಿಟ್ಟು ನಾನು ಯಾವತ್ತೂ ಕಂಡಿರಲಿಲ್ಲ. ಗೋಡೆಯ ಕಡೆ ಹೊರಳಿದರು. "ಬಾಗಲಾ ಹಾಕ್ಕೊಂಡಿ," ಎಂದರು. ಆಮೇಲೆ, "ಒಯ್ರಿ ಪಾಸ್ಟರ. ಆಕಿ ಹೇಳಿದ್ಲು, ಖರೆ. ಹೇಳಿದ್ರ ನನ್ನ ಸಿಟ್ಟು ಇಳೀತೈತಿ ಅಂತ ತಿಳಿದಿದ್ನಿ. ಹೆಚ್ಚಾತು," ಎಂದರು.

"ಅಂದ್ರ ನಾ ಹೇಳಿದ್ದು ದಂಡ ಆತೇನ?" ಎನ್ನುತ್ತ ಮುದುಕಿ ನೆಲಕ್ಕೆ ಕುಸಿದಳು. ಕೋರ್ಟಿನಲ್ಲಿ ಅಳದವಳು, ಮಗ ಬಾಗಿಲಿನಿಂದ ಕಳಿಸಿದಾಗ ಅಳದವಳು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. "ಇನ್ನೇನ್ ಮಾಡ್ಲಿ ಯವ್ವಾ? ಆಕಿನ್ನ ಎಬ್ಬಿಸಿ ತರಾಕ ಆಗ್ತೈತೇನ? ನನ್ನ ಹಂತ್ಯಾಕ ಕೊಡಾಕ ಇನ್ನೇನೂ ಇಲ್ಲ."

ಪಾಸ್ಟರ್ ತಟ್ಟೆ ಹಿಡಿದು ನಿಂತೇ ಇದ್ದರು. ಆಮೇಲೆ ಬಾಯಾರು ಮೆಲ್ಲಗೆ ಈಚೆಗೆ ಹೊರಳಿದರು.

"ಏಳು. ಅಳಬ್ಯಾಡ. ನನ್ನ ಎತ್ತಿ ಕುಂದರಸು."

ಮುದುಕಿ ಮೂಗೊರೆಸಿಕೊಂಡು ಎದ್ದು, ಅವರ ಬೆನ್ನ ಹಿಂದೆ ಕೈ ಹಾಕಿ ಎತ್ತಿ, ತನ್ನ ಹೆಗಲಿಗೆ ಒರಗಿಸಿಕೊಂಡಳು.

"ಕೊಡ್ರಿ ಪಾಸ್ಟರ," ಎಂದರು ಬಾಯಾರು. "ಸಿಟ್ಟಿನ್ಯಾಗೇ ತಿಂತೀನಿ. ಇದು ಇಳಿಯೂತನಾ ನಾ ಇರೂದಿಲ್ಲ."

ಪಾಸ್ಟರ್ ರೊಟ್ಟಿಯ ತುಣುಕನ್ನು ಅವರ ನಾಲಿಗೆಯ ಮೇಲಿಟ್ಟರು. ಒಣಗಿದ ಬಾಯಿ, ಗಂಟಲಿಗೆ ಇಳಿಯಲಿಲ್ಲ. ಮುದುಕಿ ದ್ರಾಕ್ಷಿರಸದ ಬಟ್ಟಲಿಗೆ ಕೈ ಚಾಚಿದಳು. ಪಾಸ್ಟರ್ ಒಂದು ಗಳಿಗೆ ಅನುಮಾನಿಸಿ ಕೊಟ್ಟರು. ಆಕೆ ಅವರ ತುಟಿಗೆ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು, ಬಾಯಾರು ನುಂಗಿದರು.